ಡಿಸ್ನಿಗೆ ಹೊರಟಿರುವ ಅಜ್ಜ-ಅಜ್ಜಿಯರಿಗೆ

ಪ್ರೀತಿಯ ಅಜ್ಜಿಯರೇ, ಅಜ್ಜಂದಿರೇ,

ಬಾಣಂತನಕ್ಕೆಂದು ಒಮ್ಮೆ ಅಮೆರಿಕಕ್ಕೆ ಬಂದು ಹೋದವರು ಈಗ ಮತ್ತೆ ಬಂದಿದ್ದೀರಿ, ಇಲ್ಲವೇ ಚಟ್ನಿಪುಡಿ, ಹಪ್ಪಳ ತುಂಬಿದ ಸೂಟ್‌ಕೇಸನ್ನು ತೂಕ ಹಾಕುತ್ತಾ ಬರಲು ಸಿದ್ಧರಾಗಿದ್ದೀರಿ. ಅಂದು ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದ ಕೂಸು ಈಗ ಮನೆ ತುಂಬ ಓಡುತ್ತಿದೆ. ಬಂದ ಮೂರ್ನಾಲ್ಕು ದಿನಕ್ಕೇ ಮಗಳೋ ಸೊಸೆಯೋ ಹೇಳುತ್ತಾರೆ: "ಅಮ್ಮ, ಈ ಸಲ ನೀವೂ ಇದ್ದೀರಲ್ಲ, ಎಲ್ಲಾ ಸೇರಿ ಒರ್ಲಾಂಡೊಗೆ ಹೋಗಿಬರೋಣ. ಇವಳಿಗೆ ಮೂರು ತುಂಬೋದ್ರೊಳಗೆ ಹೋದ್ರೆ ಟಿಕೆಟ್ ಇಲ್ಲ."

ಮಾತು ನಿಜವೇ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 3 ವರ್ಷದೊಳಗಿನ ಮಗುವಿಗೆ ಪ್ರವೇಶ ಉಚಿತ. 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್, ಹತ್ತು ತುಂಬಿದರೆ ದೊಡ್ಡವರ ಲೆಕ್ಕ. ದೊಡ್ಡವರ ಟಿಕೆಟ್ ತಾರೀಖಿನ ಮೇಲೆ ಏರಿಳಿಯುತ್ತದೆ. ಅಲ್ಲಿ ಹೆಸರಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಒಂದು ದಿನಕ್ಕೆ 100 ಡಾಲರ್ ದಾಟಿಯೇ ಇರುತ್ತದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ನಾಲ್ಕು ಜನಕ್ಕೆ, ಅದೂ ಎರಡು ಮೂರು ದಿನಕ್ಕೆ. ಜೊತೆಗೆ ಹೋಟೆಲು, ಪ್ರಯಾಣ, ಊಟ. ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡುವ ಅಭ್ಯಾಸ ನಮ್ಮನ್ನು ಬಿಡುವುದಿಲ್ಲ. ಆಗ ಬಾಯಿಗೆ ಬಂದೇ ಬರುತ್ತದೆ ಆ ಮಾತು: "ಅಷ್ಟು ಚಿಕ್ಕ ಮಗೂಗೆ ಏನು ನೆನಪಿರುತ್ತೆ? ಯಾಕೆ ಸುಮ್ನೆ ದುಡ್ಡು ಸುರೀತೀರಿ?"

ಈ ಮಾತನ್ನು ದಯವಿಟ್ಟು ಆಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮಾತು ಸುಳ್ಳೆಂದಲ್ಲ. ಹೆಚ್ಚಿನವರ ಮೊತ್ತಮೊದಲ ನೆನಪು ಮೂರು ವರ್ಷದ ಆಸುಪಾಸಿನದು, ಅದಕ್ಕಿಂತ ಹಿಂದಿನದು ಅಳಿಸಿಹೋಗಿರುತ್ತದೆ. ಎರಡು ವರ್ಷದ ಮಗುವಿಗೆ ಆ ಪ್ರವಾಸ ನೆನಪುಳಿಯುವುದಿಲ್ಲ. ಆದರೆ ನಮ್ಮ ನಾಮಕರಣವೂ ನಮಗೆ ನೆನಪಿಲ್ಲ, ಅನ್ನಪ್ರಾಶನವೂ ನೆನಪಿಲ್ಲ. ಸಾಲ ಮಾಡಿಯಾದರೂ ಅವನ್ನು ಮಾಡಿದ ನಮ್ಮ ಅಪ್ಪ-ಅಮ್ಮಂದಿರನ್ನು ಯಾರೂ ಹಾಗೆ ಕೇಳಲಿಲ್ಲ.

ನೆನಪಿರುವುದಿಲ್ಲ ಎನ್ನುವುದರಿಂದ ನಾವು ತಿಳಿಯಬೇಕಾದದ್ದು ಬೇರೆಯೇ ಇದೆ. ದೊಡ್ಡವರು ಬಿಸಿಲಲ್ಲಿ ಬೆಂದು, ಕಾಲು ನೋಯಿಸಿಕೊಂಡು, ಗಂಡ ಹೆಂಡತಿ ಸಿಡುಕಾಡಿದ ದಿನವನ್ನೂ ಆಮೇಲೆ ಆಲ್ಬಮ್ ನೋಡಿ ಸವಿಯಬಲ್ಲರು. ಮಗುವಿಗೆ ಆ ಅನುಕೂಲ ಇಲ್ಲ. ಅದಕ್ಕೆ ಇರುವುದು ಆ ಹೊತ್ತು ಮಾತ್ರ. ಹಾಗಾಗಿ ಆ ಹೊತ್ತೇ ಚೆನ್ನಾಗಿರಬೇಕು: ಹಸಿವಾದಾಗ ಅನ್ನ, ನಿದ್ದೆ ಬಂದಾಗ ನೆರಳು, ಹೆದರಿದಾಗ ತೊಡೆ. ಇದನ್ನು ಕಾಯುವ ಕೆಲಸ ಆ ಪ್ರವಾಸದಲ್ಲಿ ನಮ್ಮದು. ಮಕ್ಕಳಿಗೆ ಪ್ರೀತಿ ಕಡಿಮೆಯೆಂದಲ್ಲ, ಅವರಿಗೆ ಪುರುಸೊತ್ತಿರುವುದಿಲ್ಲ.

ಅವರ ಅವಸರವನ್ನೂ ಅರ್ಥಮಾಡಿಕೊಳ್ಳಿ. ಡಿಸ್ನಿ ವರ್ಲ್ಡ್‌ನ ವಿಸ್ತಾರವೇ ನೂರು ಚದರ ಕಿಲೋಮೀಟರಿನಷ್ಟು. 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ತೆರೆಯಿತು. ಆಮೇಲೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿಕೊಂಡವು. ಒಂದೊಂದಕ್ಕೂ ಒಂದೊಂದು ದಿನ ಬೇಕು. ಯಾವ ರೈಡಿಗೆ ಎಷ್ಟು ಹೊತ್ತಿನ ಕ್ಯೂ ಎಂಬುದು ಫೋನಿನಲ್ಲಿ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಕ್ಯೂ ತಪ್ಪಿಸಲು ಲೈಟ್ನಿಂಗ್ ಲೇನ್ ಎಂದು ಬೇರೆ ದುಡ್ಡು ಕೊಟ್ಟಿದ್ದರೆ ಅದಕ್ಕೆ ಕೊಟ್ಟ ಸಮಯಕ್ಕೆ ಅಲ್ಲಿ ಹಾಜರಿರಬೇಕು. ವರ್ಷಕ್ಕೆ ಬೆರಳೆಣಿಕೆಯ ರಜೆ ಸಿಗುವ ಕೆಲಸದಲ್ಲಿರುವ ಮಗ, ಮಗಳು ಆ ಪಟ್ಟಿ ಹಿಡಿದು ಓಡದೆ ಇನ್ನೇನು ಮಾಡಿಯಾರು? ಓಡುವವರು ಓಡಲಿ. ಅವರ ಪಟ್ಟಿಯಲ್ಲಿ ನಾವಿಲ್ಲ, ಅದೇ ನಮಗಿರುವ ಬಿಡುವು.

ನಾವು ಕಲ್ಲುಬೆಂಚಿನ ಮೇಲೆ ಕೂತರೆ ಪ್ರವಾಸ ಕೆಟ್ಟಿತು ಎಂದು ನೊಂದುಕೊಳ್ಳುವವರಿಗೆ ಒಂದು ವಿಷಯ ಹೇಳಬೇಕು. ಇಡೀ ಡಿಸ್ನಿ ಪಾರ್ಕಿನ ಯೋಚನೆ ಹುಟ್ಟಿದ್ದೇ ಬೆಂಚಿನ ಮೇಲೆ. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ವಾಲ್ಟ್ ಡಿಸ್ನಿಯ ಇಬ್ಬರು ಹೆಣ್ಣುಮಕ್ಕಳು ಕುದುರೆ ತಿರುಗಣಿಯಲ್ಲಿ ಸುತ್ತುತ್ತಿದ್ದರೆ ಅವರು ಬೆಂಚಿನಲ್ಲಿ ಕೂತು ನೋಡುತ್ತಿದ್ದರಂತೆ. ಮಕ್ಕಳ ಜೊತೆ ದೊಡ್ಡವರೂ ಸೇರಿ ಆಡುವಂಥ ಜಾಗ ಯಾಕಿರಬಾರದು ಎಂದು ಆಗ ಅನ್ನಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಮೊದಲ ಡಿಸ್ನಿಲ್ಯಾಂಡ್ ತೆರೆದದ್ದು ಆ ಯೋಚನೆಯಿಂದ.

ಎತ್ತರದ ವಿಚಾರವನ್ನು ಮೊದಲೇ ತಿಳಿದುಕೊಂಡಿರಿ. ದೊಡ್ಡ ರೈಡುಗಳಿಗೆಲ್ಲ ಮಗುವಿನ ಎತ್ತರ ಅಳೆದೇ ಬಿಡುತ್ತಾರೆ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 38 ಇಂಚು, ಅಂದರೆ 97 ಸೆಂ.ಮೀ.; ಸ್ಪೇಸ್ ಮೌಂಟನ್‌ಗೆ 44 ಇಂಚು. ಎರಡು ವರ್ಷದ ಮಗು ಎರಡಕ್ಕೂ ಎಟುಕುವುದಿಲ್ಲ. ಇಂಥಲ್ಲಿ ರೈಡರ್ ಸ್ವಿಚ್ ಎನ್ನುವ ಏರ್ಪಾಡು ಇದೆ: ಒಬ್ಬರು ಮಗುವಿನ ಜೊತೆ ಹೊರಗೆ ನಿಂತಿದ್ದು, ಇನ್ನೊಬ್ಬರು ಬಂದ ಮೇಲೆ ಪೂರ್ತಿ ಕ್ಯೂ ನಿಲ್ಲದೆ ತಾವೂ ಹೋಗಿಬರಬಹುದು. ಆದರೆ ನೀವಿರುವಾಗ ಅದೂ ಬೇಡ. "ನೀವಿಬ್ಬರೂ ಒಟ್ಟಿಗೆ ಹೋಗಿಬನ್ರಪ್ಪ, ನಾನಿದ್ದೀನಿ" ಎಂದುಬಿಡಿ. ಮಗು ಹುಟ್ಟಿದ ಮೇಲೆ ಆ ಇಬ್ಬರೂ ಪಕ್ಕಪಕ್ಕ ಕೂತು ಕೂಗಿ ನಕ್ಕಿರುವುದು ಕಡಿಮೆ. ನನ್ನ ಮಗಳು, ಅಳಿಯ ಆ ಗಣಿ ರೈಲಿನಿಂದ ಇಳಿದು ಬಂದಾಗ ಅವಳ ಕೂದಲೆಲ್ಲ ಕೆದರಿ ಮುಖ ಕೆಂಪಾಗಿತ್ತು. ಕಾಲೇಜಿಗೆ ಹೋಗುತ್ತಿದ್ದಾಗಿನ ಅವಳ ನಗುವನ್ನು ನಾನು ಬಹಳ ದಿನಗಳ ಮೇಲೆ ಕೇಳಿದ್ದು ಅಲ್ಲೇ.

ಎತ್ತರದ ನಿರ್ಬಂಧ ಇಲ್ಲದ ಆಟಗಳೂ ಬೇಕಾದಷ್ಟಿವೆ. ಮಗು, ಅಪ್ಪ-ಅಮ್ಮ, ಅಜ್ಜ-ಅಜ್ಜಿ ಎಲ್ಲರೂ ಒಂದೇ ದೋಣಿಯಲ್ಲಿ ಕೂರಬಹುದಾದದ್ದು ಇಟ್ಸ್ ಎ ಸ್ಮಾಲ್ ವರ್ಲ್ಡ್. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಯುನಿಸೆಫ್‌ಗಾಗಿ ಮೊದಲು ಕಟ್ಟಿದ್ದು ಇದು. ತಂಪಾದ ಒಳಾಂಗಣ, ನಿಧಾನದ ನೀರು, ಎರಡೂ ದಂಡೆಯಲ್ಲಿ ದೇಶದೇಶದ ಗೊಂಬೆಗಳು. ನಮ್ಮ ದಸರಾ ಗೊಂಬೆಯ ಮೆಟ್ಟಿಲುಗಳ ನಡುವೆ ತೇಲಿಕೊಂಡು ಹೋದ ಹಾಗಿರುತ್ತದೆ. ಪ್ರಿನ್ಸ್ ಚಾರ್ಮಿಂಗ್ ರೀಗಲ್ ಕ್ಯಾರೊಸೆಲ್ ಎಂಬ ಕುದುರೆ ತಿರುಗಣಿ 1917ರಲ್ಲಿ ಮಾಡಿದ್ದು, ಮರದಲ್ಲಿ ಕೆತ್ತಿದ ಕುದುರೆಗಳನ್ನು ಮುಟ್ಟಿ ನೋಡುವುದೇ ಸಂತೋಷ. ಕುದುರೆ ಹತ್ತಲಾರದವರು ಕೂರಲು ಒಂದು ರಥವೂ ಅದರಲ್ಲಿದೆ. ಇನ್ನು ಅಜ್ಜಂದಿರು ಬಿಡಬಾರದ್ದು ಪಾರ್ಕನ್ನು ಸುತ್ತುವ ರೈಲು. ಅದರ ನಾಲ್ಕೂ ಎಂಜಿನ್‌ಗಳು ನಿಜವಾದ ಉಗಿ ಎಂಜಿನ್‌ಗಳೇ, 1916ರಿಂದ 1928ರ ನಡುವೆ ತಯಾರಾಗಿ ಮೆಕ್ಸಿಕೋದಲ್ಲಿ ದುಡಿದು ಇಲ್ಲಿಗೆ ಬಂದವು. ಶಿವಮೊಗ್ಗ-ತಾಳಗುಪ್ಪ ಮೀಟರ್‌ಗೇಜಿನಲ್ಲಿ ಉಗಿಬಂಡಿ ಹತ್ತಿ ಬೆಳೆದವರಿಗೆ ಆ ಕೂಗು ಕೇಳಿದರೆ ಮಗುವಿಗೆ ಹೇಳಲು ಬೇಕಾದಷ್ಟು ಕಥೆ ಸಿಗುತ್ತದೆ.

ಎತ್ತರದ ನಿರ್ಬಂಧ ಇಲ್ಲ ಎಂದ ಮಾತ್ರಕ್ಕೆ ಮಗುವಿಗೆ ಹಿಡಿಸುತ್ತದೆ ಎಂದೂ ಅಲ್ಲ. ಹಾಂಟೆಡ್ ಮ್ಯಾನ್ಷನ್‌ಗೆ ಕೈಗೂಸನ್ನೂ ಬಿಡುತ್ತಾರೆ, ಒಳಗೆ ಕತ್ತಲೆ, ದೆವ್ವದ ಮನೆ. "ಏನಾಗಲ್ಲ ಬಾರೇ" ಎಂದು ಎಳೆದುಕೊಂಡು ಹೋಗುವುದು ಬೇಡ.

ಅದಕ್ಕಿಂತ ಮುಖ್ಯವಾದದ್ದು ಮಿಕ್ಕಿ ಮೌಸ್. ಮನೆಯ ಟಿವಿಯಲ್ಲಿ ಮಿಕ್ಕಿ ಅಂಗೈಯಗಲ ಇರುತ್ತಾನೆ. ಅಲ್ಲಿ ದೊಡ್ಡ ಮನುಷ್ಯನಷ್ಟು ಎತ್ತರ, ಕೊಡದಂಥ ತಲೆ, ಮಿಟುಕದ ಕಣ್ಣು. ಮಗು ಅಮ್ಮನ ಕುತ್ತಿಗೆ ಹಿಡಿದು ಕಿರುಚಿದರೆ ಅದು ಹಟವಲ್ಲ, ಬುದ್ಧಿ; ಗುರುತಿಲ್ಲದ ದೊಡ್ಡ ಪ್ರಾಣಿಯಿಂದ ದೂರ ಇರಬೇಕೆಂದು ಅದಕ್ಕೆ ತಿಳಿದಿದೆ. ಅರ್ಧ ಗಂಟೆ ಕ್ಯೂ ನಿಂತಿದ್ದೇವೆ, ಫೋಟೊ ತೆಗೆಯುವವನು ಕಾಯುತ್ತಿದ್ದಾನೆ, ಹಿಂದಿನವರು ನೋಡುತ್ತಿದ್ದಾರೆ ಎಂದು ನಾವೆಲ್ಲ ಸೇರಿ ಆ ಕೂಸನ್ನು ಮುಂದಕ್ಕೆ ತಳ್ಳುತ್ತೇವೆ. "ಪಕ್ಕದ ಮನೆ ಹುಡುಗ ನೋಡು, ಎಷ್ಟು ಚೆನ್ನಾಗಿ ಶೇಕ್‌ಹ್ಯಾಂಡ್ ಮಾಡ್ದ" ಎನ್ನುತ್ತೇವೆ. ಇದನ್ನು ತಡೆಯುವ ಹಕ್ಕು, ವಯಸ್ಸು ಎರಡೂ ನಮಗಿದೆ. "ಬೇಡ ಅಂತಿದೆಯಲ್ಲ, ಬಿಡ್ರಿ" ಎಂದು ಗಟ್ಟಿಯಾಗಿ ಹೇಳಿ ಮಗುವನ್ನು ಎತ್ತಿಕೊಳ್ಳಿ. ದೂರದಿಂದ ಕೈ ಬೀಸಿದರೆ ಸಾಕು. ಆ ವೇಷದವರಿಗೂ ಅದು ಗೊತ್ತು, ಅವರೂ ದೂರದಿಂದಲೇ ಕೈ ಬೀಸುತ್ತಾರೆ. ಮಗುವಿನ "ಬೇಡ"ಕ್ಕೆ ಬೆಲೆ ಕೊಡುವುದನ್ನು ಅಲ್ಲಿ ಕಲಿಸಿದರೆ ಆ ಪಾಠ ಡಿಸ್ನಿಯ ಹೊರಗೂ ಮಗುವಿಗೆ ಬೇಕಾಗುತ್ತದೆ, ಹೆಣ್ಣುಮಗುವಿಗಂತೂ ಖಂಡಿತ. ಇನ್ನೊಂದು ಮಾತು, ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆಂದು ಹೆದರಿಸುವ ನಮ್ಮ ಹಳೆಯ ರೂಢಿಯನ್ನು ಆ ದಿನಗಳ ಮಟ್ಟಿಗಾದರೂ ಬಿಡಿ. ಅಲ್ಲಿ ತಿರುವು ತಿರುವಿಗೂ ಯಾರಾದರೊಬ್ಬರು ವೇಷ ಹಾಕಿಕೊಂಡು ಬರುತ್ತಿರುತ್ತಾರೆ.

ಮಗುವಿಗೆ ಅಲ್ಲಿ ಯಾವುದು ಹಿಡಿಸುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ನನ್ನ ಮೊಮ್ಮಗಳಿಗೆ ಹಿಡಿಸಿದ್ದು ಒಂದು ಹಕ್ಕಿ. ಫ್ಲಾರಿಡಾದ ಬಿಳಿ ಐಬಿಸ್, ರಂಗನತಿಟ್ಟಿನಲ್ಲಿ ಕಾಣುವ ಐಬಿಸ್‌ನ ಹತ್ತಿರದ ನೆಂಟ. ಕೆಂಪು ಕಾಲು, ಕೆಳಕ್ಕೆ ಬಾಗಿದ ಕೆಂಪು ಕೊಕ್ಕು. ಪಾರ್ಕಿನ ಟೇಬಲ್ಲುಗಳ ನಡುವೆ ಜನರ ಭಯವಿಲ್ಲದೆ ಓಡಾಡುತ್ತವೆ. ಇವಳು ತನ್ನ ಕೈಯ ಫ್ರೆಂಚ್ ಫ್ರೈ ಮರೆತು ಅದರ ಹಿಂದೆ ಹೆಜ್ಜೆ ಹಾಕಿದಳು. ಅದು ನಿಂತರೆ ಇವಳು ನಿಂತಳು, ಅದು ಕತ್ತು ಬಗ್ಗಿಸಿದರೆ ಇವಳೂ ಕೂತು ನೆಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಕೋಕಿಗೆ ಮೂಗು!" ಎಂದಳು. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆ ಹಿಂದೆಯೇ ಇತ್ತು, 189 ಅಡಿ ಎತ್ತರ, ಸುತ್ತ ಇದ್ದವರೆಲ್ಲ ಅದರ ಫೋಟೊ ತೆಗೆಯುತ್ತಿದ್ದರು. ಮಗಳು ಫೋನ್ ನೋಡಿಕೊಂಡು, "ಅಮ್ಮ, ಡಂಬೊ ಕ್ಯೂ ಈಗ ಕಮ್ಮಿ ಇದೆ" ಎಂದಳು. "ಅದಿರಲಿ, ಹಕ್ಕಿ ಹೋಗೋವರೆಗೂ ಇರೋಣ" ಎಂದೆ. ಹಕ್ಕಿ ಬೇಗ ಹೋಗಲಿಲ್ಲ. ನನಗೂ ಅವಸರ ಇರಲಿಲ್ಲ.

ಡಂಬೊ ಆನೆಯನ್ನು ಆಮೇಲೆ ಹತ್ತಿದೆವು. ಅದರ ಪಕ್ಕದಲ್ಲೇ ಕೇಸಿ ಜೂನಿಯರ್ ಎಂಬ ರೈಲಿನ ಹೆಸರಲ್ಲಿ ನೀರು ಚಿಮ್ಮುವ ಆಟದ ಜಾಗ ಇದೆ. ಬೇಸಿಗೆಯಲ್ಲಿ ಮಗು ಅಲ್ಲಿಂದ ಒಣಗಿದ ಬಟ್ಟೆಯಲ್ಲಿ ಹೊರಬರುವುದಿಲ್ಲ, ಇನ್ನೊಂದು ಜೊತೆ ಚೀಲದಲ್ಲಿರಲಿ.

ಊಟದ ಚಿಂತೆ ಬೇಡ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ. ಬಿಸಿ ಮಾಡಬೇಕಾಗದ್ದಾಗಿರಬೇಕು, ಗಾಜಿನ ಡಬ್ಬಿ ಇರಬಾರದು, ತಂಪಿಡಲು ಬಿಡಿ ಐಸ್ ಬದಲು ಐಸ್‌ಪ್ಯಾಕ್ ಇರಬೇಕು. ಮೊಸರನ್ನಕ್ಕೆ ಇಷ್ಟು ಸಾಕಲ್ಲವೇ? ಹಾಲು ಹೆಚ್ಚು ಹಾಕಿ ಕಲಸಿ, ಮಧ್ಯಾಹ್ನಕ್ಕೆ ಹುಳಿಯಾಗುವುದಿಲ್ಲ. ಚಪಾತಿ ಸುರುಳಿ, ಬಾಳೆಹಣ್ಣು ಜೊತೆಗಿರಲಿ. ತಣ್ಣನೆಯ ನೀರನ್ನು ತಿಂಡಿ ಕೌಂಟರಿನಲ್ಲಿ ಕೇಳಿದರೆ ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ, ಬಾಟಲಿ ಕೊಳ್ಳಬೇಕಿಲ್ಲ. ನಾಲ್ಕೂ ಪಾರ್ಕುಗಳಲ್ಲಿ ಬೇಬಿ ಕೇರ್ ಸೆಂಟರ್ ಇದೆ, ಇದನ್ನು ಒಳಗೆ ಹೋದ ಕೂಡಲೇ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ. ಡೈಪರ್ ಬದಲಿಸಲು ಮೇಜು, ಹಾಲೂಡಿಸಲು ಮರೆ, ಎತ್ತರದ ಕುರ್ಚಿ, ಮೈಕ್ರೊವೇವ್, ತಂಪಾದ ಕೋಣೆ. ಸದ್ದುಗದ್ದಲದಲ್ಲಿ ತಲೆ ಕೆಟ್ಟ ಮಗು ಅಲ್ಲಿ ಕೂತು ನಾಲ್ಕು ತುತ್ತು ತಿಂದರೆ ಮತ್ತೆ ಮಗುವಾಗುತ್ತದೆ.

ಶೌಚಾಲಯದ ವಿಷಯವೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಡೈಪರ್ ಬಿಡಿಸುವ ವಯಸ್ಸಿನ ಮಕ್ಕಳಿಗೆ ಅಲ್ಲಿ ನಿಜವಾದ ಗುಮ್ಮ ಎಂದರೆ ತಾನಾಗೇ ಫ್ಲಶ್ ಆಗುವ ಕಮೋಡ್. ಮಗು ಇನ್ನೂ ಕೂತಿರುವಾಗಲೇ ಕೆಳಗಿನಿಂದ ಭೋರ್ ಎಂದು ಅಬ್ಬರಿಸುತ್ತದೆ. ಒಮ್ಮೆ ಬೆಚ್ಚಿದ ಮಗು ಇಡೀ ದಿನ ತಡೆದುಕೊಂಡು ಕೂರುತ್ತದೆ. ಹಿಂದೆ ಒಂದು ಕಪ್ಪು ಸೆನ್ಸರ್ ಇರುತ್ತದೆ. ಅದರ ಮೇಲೆ ಒಂದು ಅಂಟುಚೀಟಿ ಹಚ್ಚಿ, ಮಗು ಎದ್ದು ಬಂದ ಮೇಲೆ ತೆಗೆಯಿರಿ. ಚೀಟಿಯ ಕಟ್ಟು ನನ್ನ ಪರ್ಸಿನಲ್ಲೇ ಇತ್ತು.

ಮಧ್ಯಾಹ್ನದ ನಿದ್ದೆಯ ವಿಷಯದಲ್ಲಿ ರಾಜಿಯಾಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರು ಅಲ್ಲಿರುವ ತಿಂಗಳುಗಳಲ್ಲಿ, ಒರ್ಲಾಂಡೊದ ಸೆಕೆ ಮಂಗಳೂರಿನ ಮೇ ತಿಂಗಳಿಗೆ ಕಡಿಮೆಯಿಲ್ಲ. ಮಧ್ಯಾಹ್ನ ಕಳೆದರೆ ಗುಡುಗು ಮಳೆ ಸಾಮಾನ್ಯ. ಸಿಡಿಲಿದ್ದರೆ ಹೊರಗಿನ ರೈಡುಗಳನ್ನು ನಿಲ್ಲಿಸುತ್ತಾರೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಊಟದ ಹೊತ್ತಿಗೆ ಹೋಟೆಲಿಗೆ ಮರಳಿ, ಮಗುವನ್ನು ಮಲಗಿಸಿ, ಬೇಕಿದ್ದರೆ ಸಂಜೆ ಮತ್ತೆ ಹೋಗುವುದು ಒಳ್ಳೆಯದು. "ನೀವಿರಿ, ನಾನು ಕರ್ಕೊಂಡು ಹೋಗಿ ಮಲಗಿಸ್ತೀನಿ" ಎನ್ನಲು ನಮಗೆ ಯಾವ ತ್ಯಾಗವೂ ಬೇಕಿಲ್ಲ, ನಮ್ಮ ಮೊಣಕಾಲು ಆ ಹೊತ್ತಿಗೆ ಅದನ್ನೇ ಕೇಳುತ್ತಿರುತ್ತದೆ. ತಳ್ಳುಗಾಡಿಯಲ್ಲೇ ಮಲಗಿತೆಂದರೆ ನೆರಳಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕೂರಿ. ಬಿಸಿಲು ಬೀಳಬಾರದೆಂದು ಶಾಲು ಹೊದೆಸಿ ಗಾಡಿಯನ್ನು ಪೂರ್ತಿ ಮುಚ್ಚಬೇಡಿ. ಒಳಗೆ ಗಾಳಿಯಾಡದೆ ಬಿಸಿ ಏರುತ್ತದೆ, ಅದು ಅಪಾಯ.

ರಾತ್ರಿಯ ಬಾಣಬಿರುಸು ಸೊಗಸು, ಆದರೆ ಸದ್ದು ದೊಡ್ಡದು. ಕೋಟೆಯ ಮುಂದೆ ಜನರ ನಡುವೆ ನಿಲ್ಲುವ ಬದಲು, ಪಾರ್ಕಿನ ಮುಂದಿರುವ ಕೆರೆಯ ಆಚೆ ದಡದಲ್ಲಿ, ದೋಣಿ ಮತ್ತು ಮೊನೊರೈಲ್ ಹತ್ತುವ ಕಡೆಯಿಂದಲೂ ಅದು ಕಾಣುತ್ತದೆ. ದೀಪಾವಳಿಯ ಪಟಾಕಿಗೆ ಹೆದರುವ ಮಗುವಾದರೆ ಅಲ್ಲಿಂದಲೇ ನೋಡಿ.

ನಮ್ಮ ಸಂತೋಷವನ್ನೂ ಸ್ವಲ್ಪ ಗಟ್ಟಿ ಮಾಡಿಕೊಳ್ಳೋಣ. ಹೊಲ ತೋಟ ಮಾಡಿದವರು ಎಪ್ಕಾಟ್‌ನಲ್ಲಿ ಲಿವಿಂಗ್ ವಿತ್ ದಿ ಲ್ಯಾಂಡ್ ದೋಣಿಯನ್ನು ಕೇಳಿ ಹತ್ತಿ. ಗಾಜಿನ ಮನೆಗಳ ನಡುವೆ ಹೋಗುತ್ತದೆ. ಮಣ್ಣಿಲ್ಲದೆ ಬೇರು ಗಾಳಿಯಲ್ಲಿ ತೂಗಿಬಿಟ್ಟ ಗಿಡಗಳು, ಹುರಿಗೆ ಹಬ್ಬಿಸಿದ ಟೊಮೆಟೊ, ಮೀನಿನ ತೊಟ್ಟಿಗಳು. ನನ್ನ ಯಜಮಾನರು ಇಡೀ ಪ್ರವಾಸದಲ್ಲಿ ಎರಡನೇ ಸಲ ಹೋಗೋಣ ಎಂದದ್ದು ಇದಕ್ಕೊಂದಕ್ಕೇ. ಮಗು ಅವರ ತೊಡೆಯ ಮೇಲೆ ಕೂತು "ಬದ್ನೇಕಾಯಿ, ಬದ್ನೇಕಾಯಿ" ಎನ್ನುತ್ತಿತ್ತು. ಅನಿಮಲ್ ಕಿಂಗ್‌ಡಮ್‌ನಲ್ಲಿ ಆನಂದಪುರ ಎಂದು ಹೆಸರಿಟ್ಟ ಒಂದು ಊರನ್ನೇ ಕಟ್ಟಿದ್ದಾರೆ, ಪಾಳುಬಿದ್ದ ಅರಮನೆಯ ಗೋಡೆಗಳ ನಡುವೆ ಹುಲಿಗಳಿವೆ. ಸಫಾರಿ ಗಾಡಿ ಮಾತ್ರ ಚೆನ್ನಾಗಿ ಕುಲುಕಾಡಿಸುತ್ತದೆ, ಬೆನ್ನುನೋವಿದ್ದವರು ಯೋಚಿಸಿ.

ಬೆಂಗಳೂರಿನಿಂದ ಇಳಿದ ಮೊದಲ ವಾರದಲ್ಲೇ ಹೊರಡಿಸಿದರೆ ಒಪ್ಪಬೇಡಿ. ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ವ್ಯತ್ಯಾಸ. ಅಲ್ಲಿನ ನಡುಮಧ್ಯಾಹ್ನ ನಮ್ಮ ದೇಹಕ್ಕೆ ಮಲಗುವ ರಾತ್ರಿ. ದಿನಕ್ಕೆ ಏಳೆಂಟು ಕಿಲೋಮೀಟರ್ ನಡಿಗೆ ತಿಳಿಯದೇ ಆಗಿಬಿಡುತ್ತದೆ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಲು ಸಂಕೋಚ ಬೇಡ. ಸೀರೆ ಉಡುವವರು ಉಡಿ, ಸೆರಗು ಪಿನ್ ಮಾಡಿಕೊಳ್ಳಿ, ಕಾಲಿಗೆ ಮಾತ್ರ ಹಾಕಿ ಪಳಗಿದ ಬೂಟೇ ಇರಲಿ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಕೈಚೀಲದಲ್ಲಿರಲಿ, ಕಾರಿನಲ್ಲಿ ಬಿಟ್ಟು ಬರಬೇಡಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕಾರು ನಿಲ್ಲಿಸುವ ಜಾಗಕ್ಕೂ ಪಾರ್ಕಿಗೂ ನಡುವೆ ಒಂದು ಕೆರೆಯೇ ಇದೆ.

ಮಕ್ಕಳಿಗೆ ಕಣ್ಣು ತಾಗಿತೆಂದು ರಾತ್ರಿ ದೃಷ್ಟಿ ತೆಗೆಯುವವರು ಉಪ್ಪನ್ನಷ್ಟೇ ನಿವಾಳಿಸಿ ನೀರಿಗೆ ಬಿಡಿ. ಹೋಟೆಲ್ ಕೋಣೆಯಲ್ಲಿ ಮೆಣಸಿನಕಾಯಿ ಸುಟ್ಟರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆ.

ಕೊನೆಯದಾಗಿ, ತಪ್ಪಿಸಿಕೊಳ್ಳುವ ವಿಷಯ. ಹೊರಡುವ ಬೆಳಗ್ಗೆ ಆ ದಿನದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಡಿ, ಅಪ್ಪ-ಅಮ್ಮನ ನಂಬರನ್ನು ಅದರ ಕೈಪಟ್ಟಿಯ ಮೇಲೆ ಬರೆಯಿರಿ. ತಪ್ಪಿಸಿಕೊಂಡ ಮಕ್ಕಳನ್ನು ಅಲ್ಲಿನ ಸಿಬ್ಬಂದಿ ಬೇಬಿ ಕೇರ್ ಸೆಂಟರಿಗೆ ಕರೆತರುತ್ತಾರೆ. ಎದೆಯ ಮೇಲೆ ಹೆಸರಿನ ಬಿಲ್ಲೆ ಇರುವ ಯಾರಿಗಾದರೂ ಹೇಳಿದರೆ ಸಾಕು. ಇಷ್ಟನ್ನು ನಿಮ್ಮ ಮಕ್ಕಳೇ ಮಾಡಿರುತ್ತಾರೆ. ಅವರಿಗೆ ಹೊಳೆಯದೆ ಇರುವುದು, ಅಲ್ಲಿ ತಪ್ಪಿಸಿಕೊಳ್ಳುವ ಸಾಧ್ಯತೆ ನಮಗೂ ಅಷ್ಟೇ ಇದೆ ಎನ್ನುವುದು. ನಮ್ಮಲ್ಲಿ ಎಷ್ಟೋ ಜನರ ಫೋನಿಗೆ ಅಲ್ಲಿನ ಸಿಮ್ ಇರುವುದಿಲ್ಲ, ವೈಫೈ ತಪ್ಪಿದರೆ ವಾಟ್ಸಾಪ್ ಇಲ್ಲ, ಮಗನ ಅಮೆರಿಕದ ನಂಬರ್ ಬಾಯಿಪಾಠ ಇಲ್ಲ. ಹೋಟೆಲಿನ ಹೆಸರು, ಮಗ ಮಗಳ ನಂಬರ್ ಒಂದು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಜೇಬಿನಲ್ಲಿಟ್ಟುಕೊಳ್ಳಿ. ಒಳಗೆ ಹೋದ ತಕ್ಷಣ, ರೈಡುಗಳ ಮಾತೆತ್ತುವ ಮೊದಲು, "ಯಾರು ತಪ್ಪಿದ್ರೂ ಇಲ್ಲಿಗೇ ಬಂದು ಕೂರೋದು" ಎಂದು ಒಂದು ಜಾಗ ಗೊತ್ತು ಮಾಡಿ, ನೆರಳಿರುವ ಜಾಗ ನೋಡಿಕೊಳ್ಳಿ.

ನಿಮ್ಮವಳೇ,
ಮೊಮ್ಮಗಳೊಂದಿಗೆ ಹೋಗಿಬಂದ ಒಬ್ಬ ಅಜ್ಜಿ